ಮಕರಂದದ ಮುನೇಶ್ವರ

ಪಂಚಾಕ್ಷರಿಯ ಮೂಗು ನೋಡುವುದಕ್ಕೆ ಬಹಳ ಲಕ್ಷಣವಾಗಿತ್ತು. ಉದ್ದವಾಗಿ, ನೆಟ್ಟಗೆ, ಕನ್ನಡಕ ಕೂರಿಸುವುದಕ್ಕೆಂದೇ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಕನ್ನಡಕ ಕೂರಿಸುವುದನ್ನು ಬಿಟ್ಟರೆ ಅದರಿಂದ ಬೇರೆ ಯಾವ ಪ್ರಯೋಜನವೂ ಇರಲಿಲ್ಲ. ಕೊರೊನಾ ಕಾಲದಲ್ಲಿ ಬೀದಿಯ ಅರ್ಧ ಜನಕ್ಕೆ ವಾಸನೆ ಹೋದಾಗ ಅವನಿಗೂ ಹೋಯಿತು. ಉಳಿದವರಿಗೆ ಸ್ವಲ್ಪ ದಿನದಲ್ಲೇ ವಾಪಸ್ ಬಂತು. ಪಂಚಾಕ್ಷರಿಯದು ಮಾತ್ರ ಹೋದದ್ದು ಹೋಗಿಯೇಬಿಟ್ಟಿತು. ಡಾಕ್ಟರು "ಕಾಯಿರಿ, ಬರುತ್ತೆ" ಎಂದಿದ್ದರು. ಹೇಳಿದ ಮಾತು ಕೇಳುವ ಮನುಷ್ಯನಾದ್ದರಿಂದ ಪಂಚಾಕ್ಷರಿ ಇನ್ನೂ ಕಾಯುತ್ತಿದ್ದ.

ಅಮ್ಮ ಇರುವ ತನಕ ಇದೊಂದು ಕೊರತೆ ಅಂತ ಅವನಿಗೆ ಅನ್ನಿಸಿರಲಿಲ್ಲ. ಒಂದು ಮನೆಗೆ ಒಂದು ಮೂಗು ಸಾಕು. ಹಾಲು ಸೀದದ್ದು, ಸಾರು ಹಳಸಿದ್ದು, ಸಿಲಿಂಡರಿನ ರೆಗ್ಯುಲೇಟರ್ ಸರಿಯಾಗಿ ಕೂರದೆ ಹೋದದ್ದು ಎಲ್ಲವನ್ನೂ ಅಮ್ಮನೇ ಹೇಳುತ್ತಿದ್ದಳು. ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ತಡೆದು ನಿಲ್ಲಿಸಿ, ಹೆಗಲ ಹತ್ತಿರ ಮೂಗು ತಂದು, "ಪಂಚು, ಅಂಗಿ ನಾರ್ತಾ ಐತೆ, ಬಿಚ್ಚಾಕು" ಅನ್ನುವಳು. ನಲವತ್ತು ದಾಟಿದ ಮಗನಿಗೆ ಇದರಿಂದ ಇರುಸುಮುರುಸಾಗುತ್ತಿತ್ತು. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಗೋವಿಂದರಾಜನಗರದ ಚಿಕ್ಕಮುನಿಯಪ್ಪನವರ ಕಟ್ಟಡದಲ್ಲಿ, ಮೊದಲನೇ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈಗ ಅವನೊಬ್ಬನೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಮೊದಲು ತಂಗಿಯರದು ಆಗಲಿ ಎಂದರು. ಅದಾಯಿತು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಮಾಗಡಿ ರಸ್ತೆಯ ಒಂದು ಬೇರಿಂಗ್ ಅಂಗಡಿಯಲ್ಲಿ ಸ್ಟೋರ್ ನೋಡಿಕೊಳ್ಳುವುದು ಅವನ ಕೆಲಸ. ಒಂದು ದಿನ ಬಸ್ಸಿನಲ್ಲಿ ಅವನ ಪಕ್ಕ ಕೂತಿದ್ದ ಯುವಕನೊಬ್ಬ ಎದ್ದು ಮುಂದೆ ಹೋಗಿ ಕಂಬಿ ಹಿಡಿದು ನಿಂತುಕೊಂಡ. ಅವನಿಗೆ ಫೋನಿನಲ್ಲಿ ಗುಟ್ಟಿನ ಮಾತಿತ್ತೋ, ಇಳಿಯುವ ಸ್ಟಾಪ್ ಹತ್ತಿರ ಬಂದಿತ್ತೋ, ನಮಗೆ ಗೊತ್ತಿಲ್ಲ. ಪಂಚಾಕ್ಷರಿಗೆ ಮಾತ್ರ ಬೇರೆಯೇ ಅನುಮಾನ ಬಂತು. ನನ್ನ ಮೈ ನಾರುತ್ತಿದೆಯೇ? ಸದ್ದಾಗದಂತೆ ಕಂಕುಳ ಕಡೆ ತಲೆ ಬಗ್ಗಿಸಿ ಮೂಸಿದ. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು. ನಾರುತ್ತಿರಬಹುದು, ಇಲ್ಲದಿರಲೂಬಹುದು. ಇದನ್ನು ಯಾರನ್ನು ಕೇಳುವುದು ಎಂದು ಯೋಚಿಸಿದಾಗ ಅವನಿಗೆ ಒಂದು ಹೆಸರೂ ಹೊಳೆಯಲಿಲ್ಲ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ "ನನ್ನ ಮೈ ವಾಸನೆ ಬರುತ್ತಾ?" ಎಂದು ಕೇಳಬಹುದಾದ ಒಬ್ಬ ಮನುಷ್ಯನೂ ತನಗಿಲ್ಲ ಎಂಬುದು ಮಾಗಡಿ ರಸ್ತೆ ಟೋಲ್‌ಗೇಟ್ ಬರುವ ಹೊತ್ತಿಗೆ ಅವನಿಗೆ ಖಚಿತವಾಯಿತು.

ಆದರೂ ಒಂದು ಪ್ರಯತ್ನ ಮಾಡಿದ. ಅಂಗಡಿಯಲ್ಲಿ ಬಿಲ್ ಹಾಕುವ ಭೈರೇಶನ ಹತ್ತಿರ ಹೋಗಿ ನಿಂತು, "ಭೈರೇಶ್, ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡ" ಎಂದ. ಭೈರೇಶ್ ಇದು ರಜಾದ ಪೀಠಿಕೆ ಎಂದು ತಿಳಿದು, "ಈ ವಾರ ನಂದೇ ರಜಾ ಐತೆ ಸಾರ್" ಎಂದು ಗೋಡೌನಿಗೆ ಜಾರಿಕೊಂಡ. ಜಾರಿಕೊಂಡದ್ದು ನಾತಕ್ಕೇ ಎಂದು ಪಂಚಾಕ್ಷರಿ ತೀರ್ಮಾನಿಸಿದ.

ಹೀಗಾಗಿ ಆ ಶನಿವಾರ ಅವನು ರಾಜಾಜಿನಗರದ ಒಂದು ಮಾಲಿನಲ್ಲಿ, ಗಾಜಿನ ಸೆಂಟಿನ ಅಂಗಡಿಯ ಮುಂದೆ, ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕೇ ಬೇಡವೇ ಎಂಬ ಯೋಚನೆಯಲ್ಲಿ ನಿಂತಿದ್ದ. ಕಪ್ಪು ಕೋಟಿನ ಸೇಲ್ಸ್‌ಮನ್ ಅವನನ್ನು ಒಳಗೆ ಕರೆದು ಒಂದು ಬಾಟಲಿ ಮುಂದಿಟ್ಟ.

"ಇದು ಮೊದಲು ನಿಂಬೆ ಥರ ಬರುತ್ತೆ ಸಾರ್, ಅದು ಬೇಗ ಹೋಗ್ಬಿಡುತ್ತೆ. ಆಮೇಲೆ ಮಧ್ಯದಲ್ಲಿ ಬರೋದೇ ನೆಕ್ಟರ್ ನೋಟ್. ಮಕರಂದ. ಹೂವಿನ ವಾಸನೆ ಅಲ್ಲ ಸಾರ್, ಹೂವಿನ ಒಳಗಡೆ ಇರೋ ಸಿಹಿ. ಅದನ್ನ ಯಾವ ಹೂವಿಂದಲೂ ಹಿಂಡಿ ತೆಗೆಯೋಕಾಗಲ್ಲ. ಸೆಂಟ್ ಮಾಡೋರು ಜೇನು, ಹಣ್ಣು, ಸಂಪಿಗೆ, ಏನೇನೋ ಸೇರಿಸಿ, ಮಕರಂದ ಹಿಂಗಿರಬಹುದು ಅಂತ ಊಹೆ ಮೇಲೆ ಮಾಡ್ತಾರೆ."

ಮಾಡುವವನು ಊಹೆಯ ಮೇಲೆ ಮಾಡಿದ್ದರೆ ಮೂಸುವವನು ಊಹೆಯ ಮೇಲೆ ಮೂಸುವುದರಲ್ಲಿ ತಪ್ಪಿಲ್ಲ ಎಂದು ಪಂಚಾಕ್ಷರಿಗೆ ಧೈರ್ಯ ಬಂತು. ಸೇಲ್ಸ್‌ಮನ್ ಕೊಟ್ಟ ಕಾಗದದ ಪಟ್ಟಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆ ಸ್ವಲ್ಪ ಓರೆ ಮಾಡಿದ. "ಜೇನು ಮುಂದಿದೆ. ಸಂಪಿಗೆ ಸ್ವಲ್ಪ ಹಿಂದೆ ನಿಂತಿದೆ" ಎಂದ.

"ಸಾರ್, ಏನ್ ಮೂಗು ಸಾರ್ ನಿಮ್ದು" ಎಂದ ಸೇಲ್ಸ್‌ಮನ್. "ಬೆಳಿಗ್ಗೆಯಿಂದ ಒಬ್ರೂ ಇಷ್ಟು ಕರೆಕ್ಟಾಗಿ ಹೇಳಿರಲಿಲ್ಲ."

ತನ್ನ ಮೂಗನ್ನು ಒಬ್ಬರು ಹೊಗಳಿದರಲ್ಲ ಎಂಬ ಸಂತೋಷದಲ್ಲಿ ಪಂಚಾಕ್ಷರಿ ಬಾಟಲಿ ಕೊಂಡುಬಿಟ್ಟ. ಕೊಡುವಾಗ ಆತ, "ಎರಡು ಸಲ ಒತ್ತಿದ್ರೆ ಸಾಕು ಸಾರ್. ತುಂಬಾ ಸಾಫ್ಟ್ ಇದು, ಪಕ್ಕ ಕೂತವರಿಗೆ ಮಾತ್ರ ಗೊತ್ತಾಗುತ್ತೆ" ಎಂದು ಎಚ್ಚರಿಸಿದ್ದ. ಆದರೆ ಪಕ್ಕದಲ್ಲಿ ಯಾರೂ ಕೂರುವುದಿಲ್ಲ ಎಂಬುದೇ ಅಲ್ಲವೇ ತೊಂದರೆ? ದೂರ ನಿಂತವರಿಗೂ ತಿಳಿಯಬೇಕಾದರೆ ಕೈ ಸ್ವಲ್ಪ ಧಾರಾಳವಾಗಬೇಕು. ಸೋಮವಾರ ಬೆಳಿಗ್ಗೆ ಪಂಚಾಕ್ಷರಿ ತೋಟಕ್ಕೆ ಔಷಧಿ ಹೊಡೆಯುವವರ ಶ್ರದ್ಧೆಯಿಂದ ಕುತ್ತಿಗೆಯಿಂದ ಕಾಲುಚೀಲದವರೆಗೆ ಹೊಡೆದುಕೊಂಡ. ಮೂಸಿ ನೋಡಿದ. ಏನೂ ಇಲ್ಲ. ಇನ್ನೊಂದು ಸುತ್ತು ಹೊಡೆದುಕೊಂಡು ಮೆಟ್ಟಿಲಿಳಿದ.

ಈಗ ಮನೆಯ ಮಾಲೀಕ ಚಿಕ್ಕಮುನಿಯಪ್ಪನವರ ವಿಷಯ ಸ್ವಲ್ಪ ಹೇಳಬೇಕು. ಅವರ ಕಟ್ಟಡ ನಿಂತಿರುವ ಜಾಗ ಅವರ ತಂದೆಯ ಕಾಲದಲ್ಲಿ ರಾಗಿ ಹೊಲ. ಹೊಲದ ಮೂಲೆಯಲ್ಲಿ ಒಂದು ಹೊಂಗೆ ಮರ, ಮರದ ಬುಡದಲ್ಲಿ ಮನೆದೇವರು ಮುನೇಶ್ವರನ ಕಲ್ಲು. ಮನೆ ಕಟ್ಟುವಾಗ ಮರ ಹೋಯಿತು. ಕಲ್ಲನ್ನು ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕಕ್ಕೆ ಸರಿಸಿ, "ಮನೆ ಮುಗೀಲಿ, ನಿಂಗೊಂದು ಗುಡಿ ಕಟ್ತೀನಿ" ಎಂದು ಕೈ ಮುಗಿದಿದ್ದರು. ಆಮೇಲೆ ಮೊದಲನೇ ಮಹಡಿ ಬಂತು, ಎರಡನೆಯದು ಬಂತು, ಮೇಲೊಂದು ಶೀಟಿನ ರೂಮೂ ಬಂತು. ಗುಡಿ ಬರಲಿಲ್ಲ. ಹೆಂಡತಿ ಯಶೋದಮ್ಮ ದಿನಾ ಸಂಜೆ ಕಲ್ಲಿಗೆ ದೀಪ ಹಚ್ಚಿ, ದೇವರಿಗೆ ಕೇಳಿಸದಷ್ಟು ಮೆತ್ತಗೆ, ಗಂಡನಿಗೆ ಕೇಳಿಸುವಷ್ಟು ಜೋರಾಗಿ ಗೊಣಗುತ್ತಿದ್ದರು.

ಆ ಸೋಮವಾರ ಚಿಕ್ಕಮುನಿಯಪ್ಪ ಮೋಟಾರ್ ಹಾಕಲು ಮೆಟ್ಟಿಲ ಕೆಳಗೆ ಬಂದಾಗ ಪಂಚಾಕ್ಷರಿ ಆಗಲೇ ಬಸ್‌ಸ್ಟಾಪ್ ಸೇರಿದ್ದ. ಮೆಟ್ಟಿಲು ಖಾಲಿಯಿತ್ತು. ಆದರೆ ಅಲ್ಲಿ ಜೇನು ಕದಡಿದಂಥ, ಸಂಪಿಗೆ ಅರಳಿದಂಥ, ಇದುವರೆಗೆ ಯಾವ ಅಂಗಡಿಯಲ್ಲೂ ಕಂಡಿರದಂಥ ಘಮಲು ತುಂಬಿ ನಿಂತಿತ್ತು. ಅವರ ಕೈ ತಾನಾಗಿ ಜೋಡಿಕೊಂಡಿತು. ಮುನೇಶ್ವರ ಸಂಚಾರ ಹೊರಟರೆ ದಾರಿಯೆಲ್ಲ ಪರಿಮಳ ಬರುತ್ತದೆ ಎಂದು ಅವರ ತಾತ ಹೇಳುತ್ತಿದ್ದರು.

"ಬಂದವ್ನೆ ಕಣೇ" ಎಂದು ಹೆಂಡತಿಯನ್ನು ಕೂಗಿದರು. "ಗುಡಿ ಕೇಳೋಕೆ ಬಂದವ್ನೆ."

ಯಶೋದಮ್ಮ ಬಂದು ಮೂಸಿದರು. "ಮುನೇಶ್ವರ ಅಂದ್ರೆ ಸುರುಟು ವಾಸ್ನೆ ಬರ್ಬೇಕಲ್ವಾ? ಇದೇನು ಜೇನುತುಪ್ಪ?"

"ಕಾಲ ಬದಲಾಗೈತೆ. ಸೇದೋದು ಬಿಟ್ಟವ್ನೆ."

ಎರಡು ಮೂರು ದಿನ ಕಾದು ನೋಡಿದಾಗ ಸ್ವಾಮಿಯ ದಿನಚರಿಯೂ ತಿಳಿಯಿತು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮೇಲಿನಿಂದ ಇಳಿದು ಹೋಗುತ್ತಾನೆ, ಸಂಜೆ ಏಳರ ಹೊತ್ತಿಗೆ ಹತ್ತಿ ಬರುತ್ತಾನೆ. "ಸ್ವಾಮಿಗೂ ಡ್ಯೂಟಿ ಐತೇನೋ" ಎಂದು ಯಶೋದಮ್ಮ ನಿಟ್ಟುಸಿರಿಟ್ಟರು. ಅದೇ ಹೊತ್ತಿಗೆ ಇಳಿದು ಹತ್ತುತ್ತಿದ್ದ ಪಂಚಾಕ್ಷರಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮಾಸಿದ ಬ್ಯಾಗು, ಎಣ್ಣೆ ಹಚ್ಚಿ ಒತ್ತಿ ಬಾಚಿದ ತಲೆ, ಊಟದ ಡಬ್ಬಿ. ಆ ಮೈಯಿಂದ ಮಕರಂದ ಬರಬಹುದು ಎಂದು ಊಹಿಸುವಷ್ಟು ಕಲ್ಪನಾಶಕ್ತಿ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಗುರುವಾರ ಸಂಜೆ ಚಿಕ್ಕಮುನಿಯಪ್ಪ ಅವನನ್ನು ಮೆಟ್ಟಿಲ ಮೇಲೆ ತಡೆದರು. "ಸಾರ್, ಒಂದ್ ಮಾತು. ವಾಸ್ನೆ ವಿಚಾರ."

ಪಂಚಾಕ್ಷರಿ ಒಂದು ಮೆಟ್ಟಿಲು ಹಿಂದೆ ಸರಿದ. ಕೊನೆಗೂ ಮನೆ ಮಾಲೀಕರವರೆಗೆ ದೂರು ಹೋಯಿತು ಎಂದುಕೊಂಡ. "ನಾನು ದಿನಾ ಎರಡು ಹೊತ್ತು ಸ್ನಾನ ಮಾಡ್ತೀನಿ ಸಾರ್" ಎಂದ.

"ಅದಕ್ಕೇ ಮತ್ತೆ ನಿಮ್ಮ ಬಾಗಿಲ ಹತ್ರನೇ ಜಾಸ್ತಿ ಇರೋದು. ಮಡಿ ಇರೋ ಕಡೆಗೇ ಸ್ವಾಮಿ ಬರೋದು" ಎಂದು ಚಿಕ್ಕಮುನಿಯಪ್ಪ ಮುನೇಶ್ವರನ ಸಂಚಾರದ ಕಥೆಯನ್ನು ಪೂರ್ತಿ ಹೇಳಿ, "ಈಗ್ಲೂ ಐತೆ ನೋಡಿ, ಇಲ್ಲೇ, ನಮ್ಮ ನಡುವೆ. ಬರ್ತಾ ಇಲ್ವಾ ನಿಮಗೆ?" ಎಂದರು.

ನಾರುವುದು ತಾನಲ್ಲ ಎಂದು ತಿಳಿದ ಸಮಾಧಾನಕ್ಕೆ ಪಂಚಾಕ್ಷರಿ ಯಾವುದಕ್ಕೆ ಬೇಕಾದರೂ ಹೂಂ ಅನ್ನುವ ಸ್ಥಿತಿಯಲ್ಲಿದ್ದ. ಅಲ್ಲದೆ ದೇವರ ವಾಸನೆ ನಿಮಗೆ ಬರುತ್ತಿಲ್ಲವೇ ಎಂದು ಹಿರಿಯರು ಕೇಳುವಾಗ ಇಲ್ಲ ಎನ್ನುವುದು ಹೇಗೆ? "ಬರ್ತಾ ಇದೆ ಸಾರ್" ಎಂದು ಕಣ್ಣು ಮುಚ್ಚಿ ತಲೆ ಓರೆ ಮಾಡಿದ. ಪರಿಮಳದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ ಪಾಠ. "ಜೇನು ಮುಂದಿದೆ. ಸಂಪಿಗೆ ಹಿಂದಿದೆ. ಇದು ಹೂವಿನ ವಾಸನೆ ಅಲ್ಲ ಸಾರ್, ಹೂವಿನ ಒಳಗಿನದು. ಮಕರಂದ."

ಚಿಕ್ಕಮುನಿಯಪ್ಪನವರ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಅವರು ಬಾಯಲ್ಲಿ ಹೇಳಲಾಗದೆ ಒದ್ದಾಡಿದ್ದನ್ನು ಈ ಮನುಷ್ಯ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ.

ಮಾರನೆಯ ದಿನದಿಂದ ಪಂಚಾಕ್ಷರಿಯ ಮನೆಗೆ ಜನ ಬರತೊಡಗಿದರು. ಗ್ಯಾಸಿನವನನ್ನು ಬಿಟ್ಟರೆ ಮೂರು ವರ್ಷದಿಂದ ಯಾರೂ ತಟ್ಟದ ಬಾಗಿಲದು. ಈಗ ಸಂಜೆಯಾದರೆ ಕೆಳಗಿನಿಂದ ಪ್ಲಾಸ್ಟಿಕ್ ಕುರ್ಚಿಗಳು ಬರುತ್ತಿದ್ದವು, ಕುರ್ಚಿಗಳ ಹಿಂದೆ ಚಿಕ್ಕಮುನಿಯಪ್ಪ, ಯಶೋದಮ್ಮ, ಅವರ ತಮ್ಮ, ತಮ್ಮನ ಹೆಂಡತಿ, ಎದುರು ಮನೆಯವರು. ಪಂಚಾಕ್ಷರಿ ಅಟ್ಟದ ಮೇಲಿಂದ ಅಮ್ಮನ ಸ್ಟೀಲ್ ಲೋಟಗಳನ್ನು ಇಳಿಸಿ, ತೊಳೆದು, ಎಲ್ಲರಿಗೂ ಕಾಫಿ ಮಾಡಿದ. ಲೋಟ ಸಾಲದೆ ಹೋದಾಗ ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು.

"ಇವತ್ತು ಹೆಂಗೈತೆ ಸಾರ್?" ಎಂದು ಎಲ್ಲರೂ ಅವನನ್ನೇ ಕೇಳುವರು.

"ಇವತ್ತು ಸಂಪಿಗೆ ಸ್ವಲ್ಪ ಮುಂದೆ ಬಂದಿದೆ" ಎಂದು ಅವನು ಹವಾಮಾನ ವರದಿಯ ಗಾಂಭೀರ್ಯದಿಂದ ಹೇಳುವನು. ಜನ ಹೌದು ಹೌದು ಎಂದು ಮೂಗರಳಿಸುವರು. ಡೆಂಗಿ ಲಾರ್ವ ನೋಡಲು ಬಂದ ಹೆಲ್ತ್ ಇನ್ಸ್‌ಪೆಕ್ಟರ್ ಭರಮಪ್ಪ, ಹುಬ್ಬಳ್ಳಿ ಕಡೆಯವನು, ಬಾಗಿಲಲ್ಲೇ ಬೂಟು ಬಿಚ್ಚಿದ. "ಏನ್ರೀ ಇದು, ಗುಡಿ ಹೊಕ್ಕಂಗಾತಲ್ರೀ" ಎಂದು ಕೈ ಮುಗಿದು, ಕಾಫಿ ಕುಡಿದು, "ದೇವ್ರು ಇದ್ರೂ ಡ್ರಮ್ಮಿನ್ಯಾಗ ನೀರು ನಿಲ್ಬಾರ್ದ್ರೀ" ಎಂದು ಡ್ರಮ್ ಬೋರಲು ಹಾಕಿಸಿಯೇ ಹೋದ.

ಬಾರದವಳು ಒಬ್ಬಳೇ, ಅದೇ ಮಹಡಿಯ ಎದುರು ಬಾಗಿಲಿನ ಜ್ಯೋತಿಲಕ್ಷ್ಮಿ. ಬ್ಲೌಸ್ ಹೊಲಿಯುವ ಹೆಂಗಸು. ಗಂಡನಿಲ್ಲ, ಮಗಳು ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಬಾಗಿಲು ತೆರೆದಿಟ್ಟು ಮಿಷನ್ ತುಳಿಯುತ್ತ ಎಲ್ಲವನ್ನೂ ನೋಡುವಳು. "ನಿಂಗೆ ವಾಸ್ನೆ ಬರ್ತಾ ಇಲ್ವೇನೇ?" ಎಂದು ಯಶೋದಮ್ಮ ಕೇಳಿದರೆ "ನಂಗೆ ಶೀತ ಕಣಕ್ಕ" ಎಂದು ದಾರ ಹಲ್ಲಲ್ಲಿ ಕಡಿಯುವಳು.

ಜನ ಇಳಿದು ಹೋದ ಮೇಲೆ ಪಂಚಾಕ್ಷರಿ ಖಾಲಿ ಕುರ್ಚಿಗಳ ನಡುವೆ ಕೂತು ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದ. ಅವನಿಗೆ ನಿಜವಾಗಿ ದುಃಖವಾಗುತ್ತಿತ್ತು. ಮುನೇಶ್ವರ ದಿನಾ ಅವನ ಬಾಗಿಲಿಗೇ ಬರುತ್ತಾನೆ, ಅವನ ನಡುಮನೆಯಲ್ಲೇ ಕೂರುತ್ತಾನೆ, ಬೀದಿಗೆಲ್ಲ ಗೊತ್ತಾಗುತ್ತದೆ, ಅವನೊಬ್ಬನಿಗೆ ಗೊತ್ತಾಗುವುದಿಲ್ಲ. ದೇವರು ಬಂದರೂ ತಾನು ಒಂಟಿಯೇ ಎಂದು ಅವನಿಗೆ ಅನ್ನಿಸಿತು. ಸ್ವಾಮಿ ಬರುವ ಮನೆಯಲ್ಲಿ ತನ್ನ ಮೈ ನಾರಿದರೆ ಅಪಚಾರವಾದೀತು ಎಂಬ ಭಯವೂ ಸೇರಿಕೊಂಡು, ಸಂಜೆ ಕೈಕಾಲು ತೊಳೆದ ಮೇಲೂ ಒಂದು ಸುತ್ತು ಹೊಡೆದುಕೊಳ್ಳತೊಡಗಿದ. ಆ ಸಂಜೆಗಳಲ್ಲಿ ಸ್ವಾಮಿ ಪ್ರಸನ್ನನಾಗಿದ್ದಾನೆ ಎಂದು ಜನ ಮೆಚ್ಚಿಕೊಂಡರು.

ಹೀಗೆ ಮೆಚ್ಚಿಕೊಂಡದ್ದೇ ಎಡವಟ್ಟಾಯಿತು. ಒಂದು ಸಂಜೆ ಕಾಫಿ ಲೋಟ ಕೆಳಗಿಟ್ಟು ಚಿಕ್ಕಮುನಿಯಪ್ಪ ಗಂಟಲು ಸರಿಮಾಡಿಕೊಂಡರು.

"ಸಾರ್, ಸ್ವಾಮಿ ಜಾಗ ತೋರಿಸ್ಬಿಟ್ಟವ್ನೆ. ಕೆಳಗೆ ಬೇಡ ಅಂತಾನೆ. ಈ ಮನೆನೇ ಬೇಕಂತೆ. ಭಾನುವಾರ ಬಾಪೂಜಿ ನಗರದಿಂದ ಪೂಜಾರಿ ಬರ್ತಾರೆ. ವಾಸ್ನೆ ಎಲ್ಲಿ ಜಾಸ್ತಿ ಐತೋ ಅಲ್ಲಿ ಅರಿಶಿನ ಇಟ್ಟು, ಅಲ್ಲೇ ಪೀಠ. ಈ ಗೋಡೆ ಒಡೆದ್ರೆ ಗುಡಿಗೆ ಸರಿಯಾಗುತ್ತೆ."

"ಮತ್ತೆ ನಾನು?" ಎಂದ ಪಂಚಾಕ್ಷರಿ.

"ಬ್ಯಾಡರಹಳ್ಳಿಲಿ ನಮ್ಮ ಭಾವಮೈದನ ಮನೆ ಖಾಲಿ ಐತೆ. ಒಬ್ಬರಿಗೆ ಧಾರಾಳ. ನಿಮಗೇನು ಸಾರ್, ಒಂದು ಹಾಸಿಗೆ, ಒಂದು ಒಲೆ."

ಸುತ್ತ ಕೂತವರೆಲ್ಲ ಇವನು ಪುಣ್ಯವಂತ ಎನ್ನುವ ಹಾಗೆ ನೋಡಿದರು. ಪಂಚಾಕ್ಷರಿ ಗೋಡೆಯ ಕಡೆ ನೋಡಿದ. ಅಮ್ಮ ಕಡೆಯ ದಿನಗಳಲ್ಲಿ ಮಲಗಿದ್ದದ್ದು ಆ ಗೋಡೆಯ ಪಕ್ಕದಲ್ಲೇ. ಅವನಿಗೆ ಗೊತ್ತಿದ್ದ ಬೆಂಗಳೂರೆಂದರೆ ಈ ಬೀದಿ, ಈ ಮೆಟ್ಟಿಲು. ಅದರಲ್ಲೂ ಜನ ಬರುವುದಕ್ಕೆ ಶುರುವಾಗಿ ಇನ್ನೂ ವಾರ ಕಳೆದಿರಲಿಲ್ಲ. ಬ್ಯಾಡರಹಳ್ಳಿಯ ಆ ಮನೆಗೆ ಗ್ಯಾಸಿನವನಾದರೂ ಬರುತ್ತಾನೋ ಇಲ್ಲವೋ. ದೇವರಿಗೆ ಜಾಗ ಕೊಡುವುದಿಲ್ಲ ಎನ್ನುವಷ್ಟು ಧೈರ್ಯ ಅವನ ಹತ್ತಿರ ಇರಲಿಲ್ಲ. "ಆಗಲಿ ಸಾರ್" ಎಂದ. ಎದುರು ಬಾಗಿಲಲ್ಲಿ ಹೊಲಿಗೆ ಮಿಷನ್ ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

ಭಾನುವಾರ ಪಂಚಾಕ್ಷರಿ ಎದ್ದು ತಲೆಗೆ ಸ್ನಾನ ಮಾಡಿದ. ಸ್ವಾಮಿಯ ಜೊತೆ ಕೊನೆಯ ದಿನ. ಪೀಠ ಗುರುತಿಸುವ ಹೊತ್ತಿನಲ್ಲಿ ತನ್ನಿಂದ ಮೈಲಿಗೆಯಾಗಬಾರದು ಎಂದು ಬಾಟಲಿಯಲ್ಲಿ ಉಳಿದದ್ದರಲ್ಲಿ ಮುಕ್ಕಾಲು ಪಾಲು ಖರ್ಚು ಮಾಡಿದ. ಪೂಜಾರಿ ತ್ರಿಶೂಲ ಹಿಡಿದು ಹೊಸ್ತಿಲು ದಾಟಿದವರು ಒಂದು ಹೆಜ್ಜೆ ಹಿಂದೆ ಬಂದು ಗೋಡೆ ಹಿಡಿದುಕೊಂಡರು. "ಭಾರಿ ಉಗ್ರವಾಗವ್ನೆ" ಎಂದರು.

ಮನೆ ತುಂಬ ಜನ. ಎಲ್ಲರ ಮೂಗೂ ಮೇಲೆ. ಪೂಜಾರಿ ಅರಿಶಿನದ ಬಟ್ಟಲು ಹಿಡಿದು ಕಣ್ಣು ಮುಚ್ಚಿ, ಗಾಳಿ ಎಳೆಯುತ್ತ ನಡುಮನೆಯಲ್ಲಿ ಸುತ್ತಿದರು. ಪಂಚಾಕ್ಷರಿ ಮೂಲೆಯಲ್ಲಿ ನಿಂತಿದ್ದ. ಪೂಜಾರಿ ಮೂಲೆಗೇ ಬಂದರು. ಅವರಿಗೆ ಅಡ್ಡವಾದೆ ಎಂದು ಅವನು ಅಡಿಗೆಮನೆಗೆ ಸರಿದ. "ಒಳಗೆ ಹೋದ, ಒಳಗೆ ಹೋದ" ಎಂದು ಪೂಜಾರಿ ಅಡಿಗೆಮನೆಗೆ ನುಗ್ಗಿದರು. ಪಂಚಾಕ್ಷರಿ ಒಲೆಯ ಮುಂದಿಂದ ಇನ್ನಷ್ಟು ಪಕ್ಕಕ್ಕೆ ಸರಿಯುವುದರೊಳಗೆ ಗ್ಯಾಸ್ ಸಿಲಿಂಡರಿಗೆ ಅರಿಶಿನ ಬಿತ್ತು. ಸ್ವಾಮಿಗೆ ದಾರಿ ಬಿಡಬೇಕೆಂದು ಅವನು ಬಚ್ಚಲಿಗೆ ಹೋದರೆ ಸ್ವಾಮಿ ಬಚ್ಚಲಿಗೆ ಬಂದ. ಬಾಲ್ಕನಿಗೆ ಹೋದರೆ ಬಾಲ್ಕನಿಗೂ ಬಂದ. ಹಿಂದೆ ತ್ರಿಶೂಲ, ತ್ರಿಶೂಲದ ಹಿಂದೆ ಚಿಕ್ಕಮುನಿಯಪ್ಪ, ಅವರ ಹಿಂದೆ ಮಂಗಳಾರತಿ ತಟ್ಟೆ. ದೇವರು ತನ್ನನ್ನು ಈ ಮನೆಯಿಂದ ಓಡಿಸಲು ಇಷ್ಟೊಂದು ಅವಸರ ಮಾಡುತ್ತಿದ್ದಾನಲ್ಲ ಎಂದು ಪಂಚಾಕ್ಷರಿಗೆ ಅಳು ಬಂತು.

ಆಗ ಎದುರು ಬಾಗಿಲಿನಿಂದ ಜ್ಯೋತಿಲಕ್ಷ್ಮಿ ಕೂಗಿದಳು. "ಸಾರ್, ನೀರು ನಿಂತೋಯ್ತು. ಸ್ವಲ್ಪ ಕೆಳಗೆ ಹೋಗಿ ಮೋಟಾರ್ ಹಾಕ್ತೀರಾ? ಅಲ್ಲೇ ನಿಂತಿರಿ, ಸಂಪಿನ ನೀರು ಎಷ್ಟಿದೆ ನೋಡ್ಕೊಳ್ಳಿ. ನಾನು ಹೇಳೋ ತನಕ ಮೇಲೆ ಬರ್ಬೇಡಿ."

ಯಾರಾದರೂ ಕೆಲಸ ಹೇಳಿದರೆ ಮಾಡುವುದು ಪಂಚಾಕ್ಷರಿಯ ಸ್ವಭಾವ. ಮೆಟ್ಟಿಲಿಳಿದು ಹೋದ.

"ಇಳೀತಾ ಅವ್ನೆ" ಎಂದು ಪೂಜಾರಿ ಉಸಿರು ಹಿಡಿದು ಹೇಳಿದರು. ಜನವೆಲ್ಲ ಅವರ ಹಿಂದೆ ಮೆಟ್ಟಿಲಿಗೆ ತಿರುಗಿತು. ತಿರುವಿನಲ್ಲಿ ಒಂದು ಕ್ಷಣ ಹುಡುಕಿ, ಮತ್ತೆ ಜಾಡು ಹಿಡಿದು, ಒಬ್ಬರ ಮೇಲೊಬ್ಬರು ಬೀಳುತ್ತ ಕೆಳಗೆ ಬಂದರು. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಗಾಳಿ ಆಡುತ್ತಿರಲಿಲ್ಲ. ಮೋಟಾರಿನ ಸ್ವಿಚ್ಚಿನ ಪಕ್ಕ, ನೀರಿನ ಸಂಪಿನೊಳಗೆ ಇಣುಕುತ್ತ ಪಂಚಾಕ್ಷರಿ ನಿಂತಿದ್ದ. ಮಕರಂದ ಅಲ್ಲಿ ಕಡೆಯುವಷ್ಟು ದಟ್ಟವಾಗಿತ್ತು. ಅವನ ಕಾಲ ಬಳಿ, ಯಶೋದಮ್ಮ ಹಚ್ಚಿದ ದೀಪದ ಹಿಂದೆ, ಮುನೇಶ್ವರನ ಕಲ್ಲಿತ್ತು.

ಪೂಜಾರಿ ಕೈಯಲ್ಲಿದ್ದ ಅರಿಶಿನವನ್ನೆಲ್ಲ ಕಲ್ಲಿನ ಮೇಲೆ ಸುರಿದರು. ಸ್ವಲ್ಪ ಪಂಚಾಕ್ಷರಿಯ ಪ್ಯಾಂಟಿನ ಮೇಲೂ ಬಿತ್ತು.

"ಜಾಗ ಬದಲಾಯಿಸಲ್ಲವಂತೆ" ಎಂದರು ಅವರು. "ಇಲ್ಲೇ ಇದ್ದೀನಿ, ಇಲ್ಲೇ ಕಟ್ಟು ಅಂತವ್ನೆ."

ಯಶೋದಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನೂ ಇಷ್ಟು ವರ್ಷದಿಂದ ಅದನ್ನೇ ಬಡ್ಕೊಂಡೆ. ನನ್ನ ಮಾತು ಕೇಳೋಕೆ ನಿಮಗೆ ಸೆಂಟಿನ ವಾಸ್ನೆ ಬರ್ಬೇಕಾಗಿತ್ತು" ಎಂದು ಗಂಡನಿಗೆ ಹೇಳಿದರು. ಮಾತಿಗೆ ಹೇಳಿದ್ದು ಅದು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಎಲ್ಲರೂ ಕೆಳಗೆ ಊಟಕ್ಕೆ ಕೂತಿದ್ದಾಗ ಪಂಚಾಕ್ಷರಿ ಮನೆಗೆ ಬಂದು ಅರಿಶಿನದ ಸಿಲಿಂಡರ್ ಒರೆಸುತ್ತಿದ್ದ. ಜ್ಯೋತಿಲಕ್ಷ್ಮಿ ಬಂದು ಬಾಗಿಲಲ್ಲಿ ನಿಂತಳು.

"ಸಾರ್, ಬಾಟಲಿ ಎಲ್ಲಿ?"

"ಯಾವ ಬಾಟಲಿ?"

"ಸೆಂಟಿಂದು."

"ಅದಾ? ಅದು ತುಂಬಾ ಸಾಫ್ಟ್ ಅಮ್ಮ, ಪಕ್ಕ ಕೂತವರಿಗೆ ಮಾತ್ರ..."

"ಪಕ್ಕದ ಬೀದೀಲಿ ಕೂತವರಿಗೂ ಬರ್ತಾ ಇತ್ತು ಸಾರ್. ಮೊದಲ ದಿನ ನನ್ನ ಕಣ್ಣಲ್ಲಿ ನೀರು ಬಂತು, ಭಕ್ತಿಯಿಂದಲ್ಲ."

ಪಂಚಾಕ್ಷರಿ ಒರೆಸುವ ಬಟ್ಟೆ ಹಿಡಿದು ಕುರ್ಚಿಯ ಮೇಲೆ ಕೂತ. ವಿಷಯ ಅವನ ತಲೆಗೆ ನಿಧಾನವಾಗಿ ಹೋಯಿತು. ಎಂಟೂವರೆ ಹೋಯಿತು, ಏಳು ಗಂಟೆ ಹೋಯಿತು, ಬಚ್ಚಲು, ಬಾಲ್ಕನಿ, ಕೊನೆಗೆ ಮೋಟಾರು ಹೋಯಿತು. "ಹಾಗಾದ್ರೆ ಮುನೇಶ್ವರ..." ಎಂದ.

"ಎಂಟೂವರೆಗೆ ಬಸ್ಸು ಹಿಡಿಯೋ ಮುನೇಶ್ವರ."

ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ ವಿಚಿತ್ರವಾದ ಒಂದು ನೆಮ್ಮದಿಯಾಯಿತು. ದೇವರು ಎದುರಿಗೆ ಬಂದು ತಾನೊಬ್ಬನೇ ಗುರುತಿಸದೆ ಹೋದೆ ಎಂಬ ದುಃಖವಾದರೂ ಕಳೆಯಿತಲ್ಲ. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ನೀವು?" ಎಂದು ಕೇಳಿದ.

ಜ್ಯೋತಿಲಕ್ಷ್ಮಿ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ನಿಮ್ಮಮ್ಮ ಹೋದ ಮೇಲೆ ಈ ಮನೇಲಿ ಮಾತು ಕೇಳಿಸಿದ್ದು ಇದೇ ಮೊದಲು ಸಾರ್. ಲೋಟದ ಸದ್ದು, ನಿಮ್ಮ ನಗು. ಹಾಳು ಮಾಡೋಕೆ ಮನಸು ಬರ್ಲಿಲ್ಲ. ಮನೆನೇ ಬಿಡಿ ಅಂದಾಗ ಮಾತ್ರ ಸುಮ್ನಿರೋಕಾಗಲಿಲ್ಲ. ಅದಿರಲಿ, ಅಷ್ಟೊಂದು ಯಾಕೆ ಹಾಕ್ಕೋತಿದ್ರಿ?"

ಮೂಗು ಹೋದ ಸಂಗತಿಯನ್ನು ಪಂಚಾಕ್ಷರಿ ಅಮ್ಮನನ್ನೂ ಡಾಕ್ಟರನ್ನೂ ಬಿಟ್ಟರೆ ಆವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ. ಬಸ್ಸಿನಲ್ಲಿ ಎದ್ದು ಹೋದ ಯುವಕನ ವಿಷಯ ಹೇಳಿದ, ಭೈರೇಶನ ರಜಾ ವಿಷಯ ಹೇಳಿದ. "ನನ್ನ ಮೈ ನಾರುತ್ತಾ, ಇಲ್ವಾ ಅಂತ ನಂಗೆ ಗೊತ್ತಾಗಲ್ಲಮ್ಮ. ಮೊದಲು ಅಮ್ಮ ಹೇಳ್ತಿದ್ಲು. ಈಗ ಕೇಳೋಕೆ ಯಾರಿದ್ದಾರೆ?" ಎಂದ. ಜ್ಯೋತಿಲಕ್ಷ್ಮಿ ಅರಿಶಿನದ ಪ್ಯಾಂಟನ್ನು ಬಿಸಿಲಿಗೆ ಹಾಕಿದರೆ ಕಲೆ ಹೋಗುತ್ತದೆ ಎಂದು ತಿಳಿಸಿ ಮಿಷನ್ನಿಗೆ ಹಿಂದಿರುಗಿದಳು.

ಚಿಕ್ಕಮುನಿಯಪ್ಪನವರಿಗೆ ನಿಜ ಹೇಳಿಬಿಡಬೇಕೆಂದು ಪಂಚಾಕ್ಷರಿ ಅರ್ಧ ಮೆಟ್ಟಿಲು ಇಳಿದ. ಕೆಳಗೆ ಆ ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು, ಕಲ್ಲಿಗೆ ತಾವೇ ನೀರು ಹೊಯ್ದು ಉಜ್ಜುತ್ತಿದ್ದರು. "ತಡ ಆಗೋಯ್ತು ಕಣಪ್ಪ. ಮೋಟಾರ್ ಸದ್ದಲ್ಲಿ ಹೆಂಗಿದ್ಯೋ ಏನೋ. ನಾಳೆನೇ ಇಟ್ಟಿಗೆ ತರಿಸ್ತೀನಿ" ಎಂದು ಅದಕ್ಕೆ ಹೇಳುತ್ತಿದ್ದರು. ಪಂಚಾಕ್ಷರಿ ಸದ್ದಾಗದಂತೆ ವಾಪಸ್ ಹತ್ತಿದ. ಬಾಟಲಿಯನ್ನು ಅಟ್ಟದ ಮೇಲೆ, ಹಳೆಯ ಕುಕ್ಕರಿನ ಹಿಂದೆ ಇಟ್ಟುಬಿಟ್ಟ.

ಮಾರನೆಯ ದಿನದಿಂದ ಪರಿಮಳ ನಿಂತುಹೋಯಿತು. "ಜಾಗ ಸಿಕ್ತಲ್ಲ, ಸಮಾಧಾನ ಆಗವ್ನೆ" ಎಂದು ಚಿಕ್ಕಮುನಿಯಪ್ಪ ಬಂದವರಿಗೆಲ್ಲ ಹೇಳಿದರು. ಗುಡಿಯ ಕೆಲಸ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಗಳು ಕೆಳಗೆ ಹೋದವು, ಸಂಜೆಯ ಮಾತುಕತೆಯೂ ಕುರ್ಚಿಗಳ ಜೊತೆ ಕೆಳಗೇ ನಡೆಯಿತು. ಪಂಚಾಕ್ಷರಿ ಎರಡು ದಿನ ಅಭ್ಯಾಸಬಲದಿಂದ ಪಾತ್ರೆ ತುಂಬ ಕಾಫಿಗೆ ಹಾಲಿಟ್ಟು, ಆಮೇಲೆ ಒಬ್ಬನೇ ಕುಡಿದ. ಮನೆ ಮೊದಲೂ ಖಾಲಿಯಾಗಿಯೇ ಇತ್ತು. ಆದರೆ ತುಂಬಿದಾಗ ಹೇಗಿರುತ್ತದೆಂದು ಗೊತ್ತಾದ ಮೇಲೆ ಅದರಲ್ಲಿ ಕೂರುವುದು ಕಷ್ಟವಾಯಿತು. ಲೋಟಗಳನ್ನು ಮತ್ತೆ ಅಟ್ಟಕ್ಕೆ ಏರಿಸಲು ಅವನಿಗೆ ಕೈ ಬರಲಿಲ್ಲ.

ಕೆಲಸಕ್ಕೆ ಹೊರಡುವಾಗ ಹಳೆಯ ಭಯವೂ ಹಿಂದಿರುಗಿತು. ಸೋಪು ಎರಡು ಸಲ ಹಚ್ಚುತ್ತಿದ್ದ, ಮೂಸುತ್ತಿದ್ದ, ಗಾಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಗುರುವಾರ ಬೆಳಿಗ್ಗೆ ಬೀಗ ಹಾಕಿ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದೆ ಹೊಲಿಗೆ ಮಿಷನ್ ನಿಂತಿತು.

"ಸ್ವಲ್ಪ ನಿಲ್ಲಿ."

ಜ್ಯೋತಿಲಕ್ಷ್ಮಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಎದ್ದು ಬಂದಳು. ಅವನ ಹೆಗಲ ಹತ್ತಿರ ಮುಖ ತಂದು, ಬಟ್ಟೆಯ ಗುಣ ನೋಡುವವಳ ಹಾಗೆ ಒಂದು ಸಲ ಮೂಸಿ, ಹಿಂದೆ ಸರಿದಳು.

"ಅಣ್ಣ, ಅಂಗಿ ನಾರ್ತಾ ಇದೆ. ಬಿಚ್ಚಾಕಿ, ಬೇರೆ ಹಾಕ್ಕೊಂಡು ಬನ್ನಿ."

ಪಂಚಾಕ್ಷರಿ ನಿಂತಲ್ಲೇ ನಿಂತ. "ತುಂಬಾನಾ?" ಎಂದು ಕೇಳಿದ.

"ತುಂಬಾ. ಒಣಗದೇ ಇರೋ ಬಟ್ಟೆ ಮಡಚಿ ಇಟ್ಟಿದ್ದೀರ. ಮುಗ್ಗಲು ವಾಸ್ನೆ."

ಅವನು ಬೀಗ ತೆಗೆದು ಒಳಗೆ ಓಡಿದ. ನೀಲಿ ಅಂಗಿ ಹಾಕಿಕೊಂಡು ಗುಂಡಿ ಹಾಕುತ್ತಲೇ ಹೊರಗೆ ಬಂದು ಹೆಗಲು ಮುಂದೊಡ್ಡಿ ನಿಂತ. ಜ್ಯೋತಿಲಕ್ಷ್ಮಿ ಮೂಸಿದಳು.

"ಈಗ ಪರವಾಗಿಲ್ಲ. ಹೋಗಿ."

"ನಾಳೆ?"

"ನಾಳೇದು ನಾಳೆ ನೋಡೋಣ, ಹೋಗಣ್ಣ, ಬಸ್ಸು ಹೋಗುತ್ತೆ."

ಬಸ್ಸು ಹೋಗಿಯೇಬಿಟ್ಟಿತ್ತು. ಅವನು ಹತ್ತಿದ ಮುಂದಿನ ಬಸ್ಸಿನಲ್ಲಿ ಜನ ನಿಂತಿದ್ದರೂ ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಪಂಚಾಕ್ಷರಿ ಈ ಸಲ ಕಂಕುಳ ಕಡೆ ತಲೆ ಬಗ್ಗಿಸಲಿಲ್ಲ. ಅದರ ಮೇಲೆ ಊಟದ ಡಬ್ಬಿ ಇಟ್ಟು, ಕಾಲು ಚಾಚಿಕೊಂಡು, ಆರಾಮವಾಗಿ ಕಿಟಕಿಯಾಚೆ ನೋಡುತ್ತ ಕೂತ.